ಹುಲ್ಲು ಬೆಳೆಸಿದರೆ ಹಾವು ಬರುತ್ತದೆಯೇ?

ಪ್ರಶ್ನೆ: ಮನೆ ಮುಂದೆ ಮಜ್ಜಿಗೆ ಹುಲ್ಲು, ಲಾವಂಚ, ಫೌಂಟನ್ ಗ್ರಾಸ್ ಸಾಲಾಗಿ ಹಾಕೋಣ ಅಂತ ಆಸೆ. ಹಾವು ಬರುತ್ತೆ, ಬೇಡ ಅಂತಾರೆ ಅತ್ತೆ. ನಿಜವೇ?

ಮುಂಗಾರು ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು. ಅತ್ತೆಯ ಬದಲು ಕೆಲವೊಮ್ಮೆ ಪಕ್ಕದ ಮನೆಯವರು, ಕೆಲವೊಮ್ಮೆ ಬಾಡಿಗೆ ಮನೆಯ ಮಾಲೀಕರು. ಉತ್ತರ ಮಾತ್ರ ಅದೇ: ಹುಲ್ಲಿನ ವಾಸನೆಗೆ ಹಾವು ಬರುವುದಿಲ್ಲ. ಎಷ್ಟು ಸಲ ಬರೆದರೂ ಮತ್ತೆ ಕೇಳುತ್ತೀರಿ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಇದೇ ಮಜ್ಜಿಗೆ ಹುಲ್ಲನ್ನು ಹಾವು ಸುಳಿಯದಿರಲಿ ಅಂತ ಕಾಂಪೌಂಡಿನ ಉದ್ದಕ್ಕೂ ನೆಡುವವರಿದ್ದಾರೆ. ಒಂದೇ ಗಿಡ ಒಬ್ಬರ ಮನೆಗೆ ಹಾವನ್ನು ಕರೆದು, ಇನ್ನೊಬ್ಬರ ಮನೆಯಿಂದ ಓಡಿಸುವುದಾದರೂ ಹೇಗೆ? ಎರಡೂ ಕೇಳಿದ ಮಾತು, ಪರೀಕ್ಷಿಸಿ ನೋಡಿದ ಮಾತಲ್ಲ. ಕೇದಗೆ, ಸಂಪಿಗೆ, ರಾತ್ರಿರಾಣಿಗೂ ಇದೇ ಅಪವಾದ ಅಂಟಿದೆ.

ಹಾವು ನಾಲಿಗೆ ಚಾಚಿ ಗಾಳಿಯಲ್ಲಿ, ನೆಲದ ಮೇಲೆ ಇರುವ ಸೂಕ್ಷ್ಮ ಕಣಗಳನ್ನು ಎತ್ತಿಕೊಳ್ಳುತ್ತದೆ. ಬಾಯೊಳಗೆ, ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಅದರ ವಾಸನೆಯನ್ನು ಗುರುತಿಸುತ್ತದೆ. ಅದು ಹುಡುಕುವುದು ಇಲಿಯ ಜಾಡು, ಕಪ್ಪೆಯ ಜಾಡು, ಜೋಡಿಯ ಜಾಡು. ಪರಿಮಳದಿಂದ ಅದರ ಹೊಟ್ಟೆ ತುಂಬುವುದಿಲ್ಲ. ರಾತ್ರಿರಾಣಿಯ ಬುಡದಲ್ಲಿ ಹಾವು ಕಂಡೆವು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಹೂವಿಗೆ ಹುಳು ಬಂತು, ಹುಳುವಿಗೆ ಕಪ್ಪೆ ಬಂತು, ಕಪ್ಪೆಯ ಹಿಂದೆ ಹಾವು ಬಂತು. ನಮ್ಮ ಕಣ್ಣಿಗೆ ಬಿದ್ದದ್ದು ಹೂವು ಮತ್ತು ಹಾವು ಎರಡೇ.

ಕೇರೆ ಹಾವು ಕಂಡಿತೆಂದು ಒಂದು ಮನೆಯವರು ಹತ್ತು ಬುಡ ಲಾವಂಚವನ್ನು ಕೀಳಿಸಿಬಿಟ್ಟರು. ಎರಡು ತಿಂಗಳಿಗೆ ಹಾವು ಮತ್ತೆ ಬಂತು. ಹೋಗಿ ನೋಡಿದರೆ ಹಿತ್ತಲಿನ ಶೆಡ್ಡಿನಲ್ಲಿ ಕೋಳಿ ಆಹಾರದ ಚೀಲ, ಅದರ ಮೂಲೆ ಕಚ್ಚಿ ತೂತಾಗಿದೆ, ಗೋಡೆಯ ಬುಡದಲ್ಲಿ ಹೊಸ ಮಣ್ಣು ಹೊರಹಾಕಿದ ಇಲಿ ಬಿಲ. ಲಾವಂಚ ಸುಮ್ಮನೆ ಪ್ರಾಣ ಕಳೆದುಕೊಂಡಿತ್ತು.

ಅತ್ತೆಯ ಮಾತಿನಲ್ಲಿ ಸತ್ಯವೇ ಇಲ್ಲ ಅಂತಲ್ಲ. ಯಾವ ದಟ್ಟ ಪೊದೆಯೇ ಆಗಲಿ, ಇಲಿಗೂ ಹಾವಿಗೂ ಮರೆ ಕೊಡುತ್ತದೆ. ಹಾಗಾಗಿ ಬಾಗಿಲಿಗೆ, ಗೋಡೆಗೆ ಒತ್ತಿ ನೆಡಬೇಡಿ, ಮೂರು ಅಡಿ ಬಿಡಿ. ಬುಡದಲ್ಲಿ ಒಣ ಗರಿ ಸೇರಲು ಬಿಡಬೇಡಿ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ.

ಉಳಿದ ಆರೈಕೆ ಸುಲಭ. ಬಿಸಿಲು ಚೆನ್ನಾಗಿರಲಿ, ನೀರು ನಿಲ್ಲದಿರಲಿ, ಗೊಬ್ಬರ ಕಡಿಮೆ ಇರಲಿ. ಗೊಬ್ಬರ ಹೆಚ್ಚಾದರೆ ಹುಲ್ಲು ಸೊಕ್ಕಿ ನೆಲಕ್ಕೆ ಒರಗುತ್ತದೆ. ಫೌಂಟನ್ ಗ್ರಾಸ್‌ನಲ್ಲಿ ನೇರಳೆ ಗರಿಯದನ್ನೇ ತನ್ನಿ. ಹಸಿರು ಜಾತಿಯ ಬೀಜ ಗಾಳಿಗೆ ಹಾರಿ ಕಂಡಲ್ಲೆಲ್ಲ ಹುಟ್ಟುತ್ತದೆ. ಲಾವಂಚದ ಬೇರು ಅಡ್ಡಕ್ಕೆ ಹಬ್ಬದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ 3 ಮೀಟರಿಗೂ ಹೆಚ್ಚು. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಇದನ್ನೇ ನೆಟ್ಟು ಮಣ್ಣು ಹಿಡಿದಿಟ್ಟಿದ್ದು ಇದೇ ಗುಣದಿಂದ.

ನೀವು ಕೇಳಲಿಲ್ಲ, ಆದರೂ ಎರಡು ವರ್ಷ ಬಿಟ್ಟು ಕೇಳೇ ಕೇಳುತ್ತೀರಿ: "ಬುಡದ ನಡುಭಾಗ ಒಣಗಿ ಬೋಳಾಗಿದೆ, ರೋಗವೇ?" ರೋಗವಲ್ಲ. ಹೊಸ ತೆಂಡೆ, ಅಂದರೆ ಬುಡದಿಂದ ಏಳುವ ಮರಿ, ಯಾವಾಗಲೂ ಹೊರ ಅಂಚಿನಲ್ಲೇ ಒಡೆಯುತ್ತದೆ, ನಡುವಿನದು ಮುದಿಯಾಗಿ ಸಾಯುತ್ತದೆ. ನೀರು, ಗೊಬ್ಬರ ಸುರಿದರೆ ಅದು ಚಿಗುರುವುದಿಲ್ಲ. ಮುಂಗಾರು ಪೂರ್ವದ ಮಳೆ ಎರಡು ಸಲ ಬಿದ್ದ ಮೇಲೆ ಗರಿಯನ್ನು ನೆಲದಿಂದ ಒಂದು ಗೇಣು ಬಿಟ್ಟು ಕುಡುಗೋಲಿನಿಂದ ಕೊಯ್ಯಿರಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಗರಿಯ ಅಂಚು ಚರ್ಮ ಕೊಯ್ಯುತ್ತದೆ. ಜೂನ್‌ನಲ್ಲಿ ಮಣ್ಣು ಮೆತ್ತಗಾದಾಗ ಬುಡವನ್ನು ಹಾರೆಯಿಂದ ಎಬ್ಬಿಸಿ, ಸೀಳಿ, ಅಂಚಿನ ಹಸಿ ತೆಂಡೆಗಳನ್ನು ನಾಲ್ಕೈದು ಒಟ್ಟಿಗೆ ಇಟ್ಟು ನೆಡಿ. ಲಾವಂಚವಾದರೆ ತುಂಡಾದ ಬೇರನ್ನು ಎಸೆಯಬೇಡಿ. ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ, ಚಿಕ್ಕ ಕಟ್ಟು ಕಟ್ಟಿ ಕುಡಿಯುವ ನೀರಿನ ಮಡಕೆಗೆ ಹಾಕಿ. ಒಂದೂವರೆ ವರ್ಷ ದಾಟಿದ ಬೇರಿಗೆ ಪರಿಮಳ ಹೆಚ್ಚು.