ಸೊನ್ನೆಗೆ ಇಳಿಯುವ ತನಕ: ಮೋಲಾರ್ ಪ್ರೆಗ್ನೆನ್ಸಿಗೆ ಮದ್ದು ಸಿಕ್ಕಿದ ಬಗೆ

ಮುಟ್ಟು ನಿಂತಿದೆ. ಮನೆಯಲ್ಲೇ ಮಾಡಿದ ಟೆಸ್ಟ್‌ನಲ್ಲಿ ಎರಡು ಗೆರೆ ಬಂದಿದೆ. ವಾಂತಿ ಮಾತ್ರ ಬೇರೆಯವರಿಗಿಂತ ಜಾಸ್ತಿ. ಎರಡೂವರೆ ತಿಂಗಳಿಗೆ ಸ್ವಲ್ಪ ರಕ್ತ ಕಾಣಿಸಿಕೊಂಡಿತು ಅಂತ ಸ್ಕ್ಯಾನಿಂಗ್‌ಗೆ ಹೋದರೆ ಅಲ್ಲಿ ಮಗುವೇ ಇಲ್ಲ. ಗರ್ಭಕೋಶದ ತುಂಬ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಇದೇ ಮೋಲಾರ್ ಪ್ರೆಗ್ನೆನ್ಸಿ. ಕೆಲವು ಡಾಕ್ಟರುಗಳು ಚೀಟಿಯಲ್ಲಿ ವೆಸಿಕ್ಯುಲರ್ ಮೋಲ್ ಅಂತಲೂ ಬರೆಯುತ್ತಾರೆ. ಸಾವಿರ ಬಸಿರಿನಲ್ಲಿ ಒಂದೋ ಎರಡೋ ಹೀಗಾಗುತ್ತವೆ. ತೀರಾ ಚಿಕ್ಕ ವಯಸ್ಸಿನವರಲ್ಲಿ ಮತ್ತು 40 ದಾಟಿದವರಲ್ಲಿ ಸ್ವಲ್ಪ ಜಾಸ್ತಿ.

ಕ್ಲೀನ್ ಮಾಡಿಸಿದರೆ ಮುಗಿಯಿತು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಬಹಳ ಜನಕ್ಕೆ ಅಲ್ಲಿಗೇ ಮುಗಿಯುತ್ತದೆ ಕೂಡ. ಆದರೆ ಮಗುವಿನ ಅಂಶವೇ ಇಲ್ಲದ ಪೂರ್ತಿ ಮೋಲ್ ಆದವರಲ್ಲಿ ನೂರಕ್ಕೆ ಸುಮಾರು 15ರಿಂದ 20 ಮಂದಿಗೆ ಒಳಗೆ ಉಳಿದ ಅಂಶ ಮತ್ತೆ ಬೆಳೆಯಲು ಶುರುವಾಗುತ್ತದೆ. ಕೆಲವರಲ್ಲಿ ಅದು ಕೋರಿಯೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೂ ಮಿದುಳಿಗೂ ಹರಡುತ್ತದೆ. 1950ರ ದಶಕದ ಮೊದಲ ವರ್ಷಗಳವರೆಗೂ ಅಷ್ಟು ದೂರ ಹೋದ ಮೇಲೆ ಬದುಕುವ ಆಸೆ ಹೆಚ್ಚುಕಡಿಮೆ ಇರಲಿಲ್ಲ. ಇವತ್ತು ಸರಿಯಾಗಿ ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಗರ್ಭಕೋಶ ಉಳಿಯುತ್ತದೆ, ಮುಂದೆ ಮಕ್ಕಳೂ ಆಗುತ್ತವೆ. ಈ ತಿರುವಿನ ಹಿಂದೆ ಬೊಂಬಾಯಿಯ ಗಿರಣಿ ಹೆಂಗಸರಿದ್ದಾರೆ, ಭೀಮಾವರಂನ ಒಬ್ಬ ತೆಲುಗು ವಿಜ್ಞಾನಿ ಇದ್ದಾರೆ, ಹಟ ಮಾಡಿ ಕೆಲಸ ಕಳೆದುಕೊಂಡ ಒಬ್ಬ ಚೀನಾ ಮೂಲದ ಡಾಕ್ಟರ್ ಇದ್ದಾರೆ.

ಮೊದಲು ಕಟ್ಟುಕಥೆಯ ಕಾಲ. ಹಾಲೆಂಡಿನ ಹೇಗ್ ನಗರದ ಪಕ್ಕ ಲೂಸ್‌ಡೌನೆನ್ ಅಂತ ಊರಿದೆ. ಅಲ್ಲಿ 1276ರಲ್ಲಿ ಹೆನೆಬರ್ಗ್‌ನ ಕೌಂಟೆಸ್ ಮಾರ್ಗರೆಟ್ ಒಂದೇ ಹೆರಿಗೆಯಲ್ಲಿ 365 ಮಕ್ಕಳನ್ನು ಹೆತ್ತಳಂತೆ. ಭಿಕ್ಷೆಗೆ ಬಂದ ಅವಳಿ ಮಕ್ಕಳ ತಾಯಿಯನ್ನು ಹಂಗಿಸಿದ್ದಕ್ಕೆ, ವರ್ಷದ ದಿನಗಳಷ್ಟು ಮಕ್ಕಳು ನಿನಗಾಗಲಿ ಅಂತ ಆಕೆ ಶಾಪ ಹಾಕಿದ್ದಳಂತೆ. ಆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ ಬೋಗುಣಿಗಳು ಅಂತ ಎರಡನ್ನು ಚರ್ಚಿನಲ್ಲಿ ಇಟ್ಟಿದ್ದರು. 1660ರಲ್ಲಿ ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ಅವನ್ನು ನೋಡಿ ಬರೆದಿಟ್ಟಿದ್ದಾನೆ. ಅದು ಮೋಲಾರ್ ಪ್ರೆಗ್ನೆನ್ಸಿಯೇ ಇರಬೇಕು, ಗುಳ್ಳೆಗಳನ್ನೇ ಮಕ್ಕಳು ಅಂತ ಎಣಿಸಿರಬೇಕು ಎಂದು ಎಷ್ಟೋ ವೈದ್ಯರು ಊಹಿಸಿದ್ದಾರೆ. ಗಾಂಧಾರಿಯ ಪಿಂಡದ ಕಥೆ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

ವಿಜ್ಞಾನ ಕಣ್ಣು ಬಿಟ್ಟದ್ದು 19ನೇ ಶತಮಾನದ ಕೊನೆಯಲ್ಲಿ. 1889ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಬಸಿರಿನ ನಂತರ ಬರುವ ಈ ಗಡ್ಡೆಯನ್ನು ವಿವರಿಸಿದರು. ಆದರೆ ಅದು ತಾಯಿಯ ಗರ್ಭಕೋಶದ ಪದರದಿಂದಲೇ ಹುಟ್ಟುತ್ತದೆ ಅಂದುಕೊಂಡರು. 1895ರಲ್ಲಿ ಫೆಲಿಕ್ಸ್ ಮಾರ್ಚಂಡ್ ಅದನ್ನು ತಿದ್ದಿದರು. ಇದು ತಾಯಿಯ ಮೈಯದ್ದಲ್ಲ, ಬಸಿರಿನದ್ದು, ಮಾಸಿನ ಜೀವಕೋಶಗಳದ್ದು ಎಂದು ತೋರಿಸಿದರು. ಈ ತಿದ್ದುಪಡಿ ಎಷ್ಟು ದೊಡ್ಡದು ಅಂತ ಆಗ ಯಾರಿಗೂ ಹೊಳೆದಿರಲಾರದು. ಮಾಸಿನ ಜೀವಕೋಶ ಎಲ್ಲಿ ಬೆಳೆದರೂ ಎಚ್‌ಸಿಜಿ ಎಂಬ ಹಾರ್ಮೋನನ್ನು ಸುರಿಸುತ್ತದೆ. ಮನೆಯ ಟೆಸ್ಟ್‌ನಲ್ಲಿ ಎರಡನೇ ಗೆರೆ ಮೂಡಿಸುವುದು ಇದೇ. 1920ರ ದಶಕದ ಕೊನೆಗೆ ಬರ್ಲಿನ್‌ನಲ್ಲಿ ಆಷ್‌ಹೈಮ್ ಮತ್ತು ಝೊಂಡೆಕ್ ಹೆಂಗಸರ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ ಬಸಿರು ಪತ್ತೆ ಮಾಡುವ ವಿಧಾನ ಕಂಡುಹಿಡಿದರು. ಮೋಲ್ ಇದ್ದವರಲ್ಲಿ ಈ ಹಾರ್ಮೋನು ವಿಪರೀತ ಇರುತ್ತದೆ ಅನ್ನುವುದೂ ಬೇಗನೆ ಗೊತ್ತಾಯಿತು. ಅಂದರೆ ಇದು ತನ್ನ ಲೆಕ್ಕವನ್ನು ತಾನೇ ಒಪ್ಪಿಸುವ ಕ್ಯಾನ್ಸರ್. ಗಡ್ಡೆ ಕಣ್ಣಿಗೆ ಕಾಣದಿದ್ದರೂ ಸಂಖ್ಯೆ ಕಾಣುತ್ತದೆ.

ಪತ್ತೆ ಮಾಡುವ ದಾರಿ ಬಂತು. ಮದ್ದು ಮಾತ್ರ ಇರಲಿಲ್ಲ. ಅದು ಬಂದದ್ದು ತೀರಾ ಬೇರೆ ದಿಕ್ಕಿನಿಂದ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ಒಂದು ಬಗೆಯ ಭಾರೀ ರಕ್ತಹೀನತೆ ಬರುತ್ತಿತ್ತು. ಕಾರಣ ಹುಡುಕುವುದು ಅವರ ಕೆಲಸ. ಊಟದಲ್ಲಿ ಏನೋ ಕಡಿಮೆಯಾಗಿದೆ ಅಂತ ಅನುಮಾನಿಸಿ ಮಾರ್ಮೈಟ್ ಕೊಟ್ಟು ನೋಡಿದರು. ಯೀಸ್ಟಿನಿಂದ ಮಾಡುವ ಕಪ್ಪು ಅಂಟು ತಿನಿಸು ಅದು, ಬ್ರೆಡ್ಡಿಗೆ ಹಚ್ಚಿಕೊಳ್ಳುವಂಥದ್ದು. ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆ ವರದಿ ಬಂತು. ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲಿಕ್ ಆಸಿಡ್ ಅಂತ ಮುಂದೆ ತಿಳಿಯಿತು. ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇರುವುದೂ ಇದೇ.

ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಇದ್ದರು. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿದವರು. ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಸೋದರರನ್ನು ಕಳೆದುಕೊಂಡವರು. 1945ರಲ್ಲಿ ಅವರ ತಂಡ ಫೋಲಿಕ್ ಆಸಿಡ್ ಅನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿತು. ಆಮೇಲೆ ಅದರದೇ ರೂಪದ, ಆದರೆ ಕೆಲಸ ಕೆಡಿಸುವ ಅಣುಗಳನ್ನೂ ಮಾಡಿತು. ಜೀವಕೋಶ ಇದನ್ನು ಫೋಲಿಕ್ ಆಸಿಡ್ ಅಂತ ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದದ್ದು ಡಿಎನ್‌ಎ ತಯಾರಿಯನ್ನೇ ತಡೆಯುತ್ತದೆ. ಬೋಸ್ಟನ್‌ನ ಸಿಡ್ನಿ ಫಾರ್ಬರ್ ಇಂಥ ಒಂದು ಔಷಧದಿಂದ ಮಕ್ಕಳ ರಕ್ತದ ಕ್ಯಾನ್ಸರ್ ಸ್ವಲ್ಪ ಕಾಲ ಹಿಮ್ಮೆಟ್ಟಿದ್ದನ್ನು 1948ರಲ್ಲಿ ವರದಿ ಮಾಡಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ಅಣುಗಳ ಗುಂಪಿನಲ್ಲಿ ಇವತ್ತಿಗೂ ದಿನವೂ ಬಳಕೆಯಲ್ಲಿರುವುದು ಮೆಥೋಟ್ರೆಕ್ಸೇಟ್.

ಕಥೆಯ ತಿರುಳು ಇರುವುದು ಮಿನ್ ಚಿಯು ಲಿ ಅವರಲ್ಲಿ. ಚೀನಾದಿಂದ ಅಮೆರಿಕಕ್ಕೆ ಬಂದಿದ್ದ ಈ ಯುವ ಡಾಕ್ಟರ್ ನ್ಯೂಯಾರ್ಕಿನಲ್ಲಿ ಒಂದು ವಿಷಯ ಗಮನಿಸಿದ್ದರು. ಬೇರೆ ಕ್ಯಾನ್ಸರಿಗೆ ಈ ಗುಂಪಿನ ಔಷಧ ಕೊಟ್ಟಾಗ ರೋಗಿಯ ಮೂತ್ರದಲ್ಲಿ ಎಚ್‌ಸಿಜಿ ಇಳಿದಿತ್ತು. ಹಾಗಾದರೆ ಎಚ್‌ಸಿಜಿ ಸುರಿಸುವ ಗಡ್ಡೆಗೇ ಇದನ್ನು ಕೊಟ್ಟರೆ? 1955ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಬಂದರು. ಮರುವರ್ಷ ಒಬ್ಬ ಯುವತಿ ಆಸ್ಪತ್ರೆಗೆ ಸೇರಿದಳು. ಕೋರಿಯೋಕಾರ್ಸಿನೋಮಾ ಶ್ವಾಸಕೋಶಕ್ಕೆ ಹರಡಿ ಒಳಗೇ ರಕ್ತ ಸುರಿಯುತ್ತಿತ್ತು. ರಾತ್ರಿ ಕಳೆಯುವುದೂ ಕಷ್ಟ ಅನ್ನುವ ಸ್ಥಿತಿ. ಲಿ ಮೆಥೋಟ್ರೆಕ್ಸೇಟ್ ಕೊಟ್ಟರು. ಮತ್ತೆ ಕೊಟ್ಟರು. ಎಕ್ಸ್-ರೇಯಲ್ಲಿದ್ದ ಗಡ್ಡೆಗಳು ಕರಗಿ ಹೋದವು. ಹರಡಿಹೋದ ಗಟ್ಟಿ ಗಡ್ಡೆಯ ಕ್ಯಾನ್ಸರನ್ನು ಬರೀ ಔಷಧದಿಂದ ಗುಣಪಡಿಸಿದ್ದು ಅದೇ ಮೊದಲು. ಲಿ ಮತ್ತು ಅದೇ ಸಂಸ್ಥೆಯ ರಾಯ್ ಹರ್ಟ್ಜ್ ಇದನ್ನು ಪ್ರಕಟಿಸಿದರು.

ಜಗಳ ಶುರುವಾದದ್ದು ಆಮೇಲೆ. ಎಕ್ಸ್-ರೇ ಸ್ವಚ್ಛವಾಗಿದೆ, ರೋಗಿ ಎದ್ದು ಓಡಾಡುತ್ತಿದ್ದಾಳೆ, ಆದರೆ ಎಚ್‌ಸಿಜಿ ಪೂರ್ತಿ ಇಳಿದಿಲ್ಲ. ಲಿ ಇಂಜೆಕ್ಷನ್ ನಿಲ್ಲಿಸಲಿಲ್ಲ. ಗಡ್ಡೆಯೇ ಇಲ್ಲದವರಿಗೆ ವಿಷ ಕೊಡುತ್ತಿದ್ದೀರಿ ಅಂತ ಸಂಸ್ಥೆಯ ಮೇಲಿನವರು ಆಕ್ಷೇಪಿಸಿದರು. 1957ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಕಾಲ ಹೋದಂತೆ ಗೊತ್ತಾಯಿತು: ಬೇಗ ನಿಲ್ಲಿಸಿದವರಲ್ಲಿ ರೋಗ ಮರಳುತ್ತಿತ್ತು, ಸಂಖ್ಯೆ ಪೂರ್ತಿ ಇಳಿಯುವ ತನಕ ಔಷಧ ಪಡೆದವರು ಬದುಕಿದರು. 1972ರಲ್ಲಿ ಲಿ ಮತ್ತು ಹರ್ಟ್ಜ್ ಇಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ಔಷಧ ಹುಡುಕಿದ್ದಕ್ಕಿಂತ ಎಲ್ಲಿ ನಿಲ್ಲಿಸಬಾರದು ಅಂತ ಗುರುತಿಸಿದ್ದೇ ಲಿ ಮಾಡಿದ ದೊಡ್ಡ ಕೆಲಸ ಅನ್ನುವುದು ನನ್ನ ಅಭಿಪ್ರಾಯ.

ಈಗಲೂ ಕಡಿಮೆ ಅಪಾಯದವರಿಗೆ ಕೊಡುವ ಒಂದು ಚಿಕಿತ್ಸೆ ಹೀಗಿದೆ. 1, 3, 5, 7ನೇ ದಿನ ಮೆಥೋಟ್ರೆಕ್ಸೇಟ್ ಇಂಜೆಕ್ಷನ್. 2, 4, 6, 8ನೇ ದಿನ ಫೋಲಿನಿಕ್ ಆಸಿಡ್ ಮಾತ್ರೆ. ಒಂದು ದಿನ ಫೋಲಿಕ್ ಆಸಿಡ್‌ಗೆ ಅಡ್ಡಗಾಲು, ಮರುದಿನ ಅದರದೇ ಇನ್ನೊಂದು ರೂಪ ಕೊಟ್ಟು ಮೈಯ ಒಳ್ಳೆಯ ಜೀವಕೋಶಗಳ ರಕ್ಷಣೆ. ಎರಡು ವಾರಕ್ಕೊಮ್ಮೆ ಇದು ಮರುಕಳಿಸುತ್ತದೆ. ಎಚ್‌ಸಿಜಿ ಸಹಜಕ್ಕೆ ಇಳಿದ ಮೇಲೂ ಇನ್ನೂ ಎರಡು ಮೂರು ಸುತ್ತು ಕೊಡುತ್ತಾರೆ. ಕೂದಲು ಸಾಮಾನ್ಯವಾಗಿ ಉದುರುವುದಿಲ್ಲ. ಬಾಯಿ ಹುಣ್ಣು ಆಗಬಹುದು.

ಯಾರಿಗೆ ಒಂದೇ ಔಷಧ ಸಾಕು, ಯಾರಿಗೆ ಹಲವು ಬೇಕು ಅಂತ ನಿರ್ಧರಿಸಲು ಅಂಕ ಹಾಕುವ ಪದ್ಧತಿ ಇದೆ. ಇದರ ಬುನಾದಿ ಹಾಕಿದವರು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ಕೆನೆತ್ ಬ್ಯಾಗ್‌ಶಾ. ವಯಸ್ಸು, ಹಿಂದಿನ ಬಸಿರು ಯಾವ ಬಗೆಯದು, ಅದು ಮುಗಿದು ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಎಲ್ಲಿಗೆ ಹರಡಿದೆ, ಇವಕ್ಕೆಲ್ಲ ಅಂಕ. ಒಟ್ಟು 6ರವರೆಗೆ ಬಂದರೆ ಕಡಿಮೆ ಅಪಾಯ, 7 ಅಥವಾ ಮೇಲೆ ಹೋದರೆ ಹೆಚ್ಚು. ಬ್ರಿಟನ್ನಿನಲ್ಲಿ 1973ರಿಂದ ಮೋಲ್ ಆದವರ ಹೆಸರನ್ನು ಲಂಡನ್, ಶೆಫೀಲ್ಡ್, ಡಂಡೀ ಈ ಮೂರು ಕಡೆ ದಾಖಲಿಸುತ್ತಾ ಬಂದರು. ಹೆಂಗಸರು ಮನೆಯಿಂದಲೇ ಅಂಚೆಯಲ್ಲಿ ಮೂತ್ರದ ಸ್ಯಾಂಪಲ್ ಕಳಿಸುತ್ತಿದ್ದರು. ಸುಮ್ನೆ ನೋಡಿದರೆ ಗುಮಾಸ್ತೆಯ ಕೆಲಸದಂತೆ ಕಾಣುತ್ತದೆ. ಪ್ರಾಣ ಉಳಿಸಿದ್ದು ಆ ಕೆಲಸವೇ.

ಮೋಲ್ ಯಾಕೆ ಆಗುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಮದ್ದು ಸಿಕ್ಕಿ ಇಪ್ಪತ್ತು ವರ್ಷವಾದ ಮೇಲೆ. 1977ರಲ್ಲಿ ಜಪಾನಿನ ಕಾಜಿ ಮತ್ತು ಓಹಾಮಾ ಪೂರ್ತಿ ಮೋಲ್‌ನ ವರ್ಣತಂತುಗಳೆಲ್ಲ ತಂದೆಯವೇ ಎಂದು ತೋರಿಸಿದರು. ಅಂಡಾಣುವಿನಲ್ಲಿ ತಾಯಿಯ ಪಾಲು ಇರುವುದಿಲ್ಲ. ಒಂದು ವೀರ್ಯಾಣು ಒಳಗೆ ಹೋಗಿ ತನ್ನನ್ನೇ ಎರಡು ಮಾಡಿಕೊಳ್ಳುತ್ತದೆ, ಕೆಲವೊಮ್ಮೆ ಎರಡು ವೀರ್ಯಾಣುಗಳು ಒಟ್ಟಿಗೆ ಹೋಗುತ್ತವೆ. ತಂದೆಯ ಪಾಲು ಮಾತ್ರ ಇದ್ದರೆ ಮಾಸು ಬೆಳೆಯುತ್ತದೆ, ಮಗು ಬೆಳೆಯುವುದಿಲ್ಲ. ಭಾಗಶಃ ಮೋಲ್‌ನಲ್ಲಿ ತಾಯಿಯ ಪಾಲೂ ಇರುತ್ತದೆ, ಆದರೆ ತಂದೆಯದು ಎರಡರಷ್ಟು. 46 ಇರಬೇಕಾದ ಕಡೆ 69 ವರ್ಣತಂತು. ಪಪ್ಪಾಯಿ ತಿಂದಿದ್ದಕ್ಕೋ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೋ ಹೀಗಾಯಿತು ಅಂತ ಸೊಸೆಯನ್ನು ಅನ್ನುವವರು ಈ ಸಾಲುಗಳನ್ನು ಎರಡು ಸಲ ಓದಬೇಕು.

ಹೆಚ್ಚಿನವರಿಗೆ ಮೋಲ್ ಒಮ್ಮೆ ಆದರೆ ಮತ್ತೆ ಆಗುವುದಿಲ್ಲ. ಮರುಕಳಿಸುವ ಸಾಧ್ಯತೆ ನೂರಕ್ಕೆ ಸುಮಾರು ಒಂದು. ಆದರೆ ಕೆಲವೇ ಕೆಲವು ಹೆಂಗಸರಿಗೆ ಬಸಿರು ನಿಂತಾಗಲೆಲ್ಲ ಮೋಲ್ ಆಗುತ್ತದೆ. 2006ರಲ್ಲಿ ಇದರ ಹಿಂದೆ ಎನ್‌ಎಲ್‌ಆರ್‌ಪಿ7 ಎಂಬ ಜೀನ್ ಇದೆ ಅಂತ ಗೊತ್ತಾಯಿತು. ಆ ಹೆಂಗಸಿಗೆ ಕೆಟ್ಟ ಪ್ರತಿ ತನ್ನ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ. ಹಾಗಾಗಿ ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬಗಳಲ್ಲಿ ಇದು ಕಾಣುವುದು ಜಾಸ್ತಿ. ಸೋದರಮಾವ, ಅತ್ತೆ ಮಗ ಅಂತ ಮದುವೆ ಮಾಡುವ ನಮ್ಮ ಕಡೆ ಇದು ದೂರದ ಮಾತಲ್ಲ. ಇಲ್ಲಿ ದೋಷ ಇರುವುದು ಆಕೆಯ ಅಂಡಾಣುವಿನಲ್ಲಿ, ಗರ್ಭಕೋಶದಲ್ಲಲ್ಲ. ಅದಕ್ಕೇ ದಾನಿಯ ಅಂಡಾಣುವಿನಿಂದ ಇಂಥವರಿಗೆ ಆರೋಗ್ಯವಂತ ಮಕ್ಕಳಾದ ಉದಾಹರಣೆಗಳಿವೆ.

ಇನ್ನು ಸಂಖ್ಯೆಯೂ ಮೋಸ ಮಾಡಬಹುದು. ಎಚ್‌ಸಿಜಿ ಲಕ್ಷಗಟ್ಟಲೆ ಇದ್ದಾಗ ಕೆಲವು ಟೆಸ್ಟುಗಳು ತಬ್ಬಿಬ್ಬಾಗಿ ಕಡಿಮೆ ತೋರಿಸುತ್ತವೆ. ಸ್ಕ್ಯಾನ್‌ನಲ್ಲಿ ಮೋಲ್ ಕಂಡು ರಿಪೋರ್ಟ್‌ನಲ್ಲಿ ಸಣ್ಣ ಅಂಕಿ ಬಂದರೆ, ಸ್ಯಾಂಪಲ್ಲಿಗೆ ದ್ರಾವಣ ಬೆರೆಸಿ ತೆಳು ಮಾಡಿ ಮತ್ತೆ ನೋಡಿ ಅಂತ ಲ್ಯಾಬಿಗೆ ಹೇಳಬೇಕು. ಉಲ್ಟಾ ಕೂಡ ಆಗುತ್ತದೆ. ಕೆಲವರ ರಕ್ತದಲ್ಲಿರುವ ಪ್ರತಿಕಾಯಗಳು ಇಲ್ಲದ ಎಚ್‌ಸಿಜಿಯನ್ನು ಇದೆ ಅಂತ ತೋರಿಸುತ್ತವೆ. 2000ದಲ್ಲಿ ಅಮೆರಿಕದಿಂದ ಇಂಥ 12 ಹೆಂಗಸರ ವರದಿ ಬಂತು. ಇಲ್ಲದ ಕ್ಯಾನ್ಸರಿಗೆ ಅವರಲ್ಲಿ ಹೆಚ್ಚಿನವರಿಗೆ ಕೀಮೋ ಅಥವಾ ಆಪರೇಷನ್ ಆಗಿತ್ತು. ಇದನ್ನು ಹಿಡಿಯುವ ದಾರಿ ತೀರಾ ಸರಳ. ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ. ರಕ್ತದಲ್ಲಿ ಇದ್ದು ಮೂತ್ರದಲ್ಲಿ ಇಲ್ಲವೆಂದರೆ ಅನುಮಾನಪಡಬೇಕು.

ನಮ್ಮಲ್ಲಿ ಔಷಧಕ್ಕೆ ಕೊರತೆ ಇಲ್ಲ. ಮೆಥೋಟ್ರೆಕ್ಸೇಟ್ ಅಗ್ಗ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ಕೈತಪ್ಪುವುದು ಅದಕ್ಕೂ ಮೊದಲಿನ ಎರಡು ಜಾಗಗಳಲ್ಲಿ. ಗರ್ಭಪಾತದ ನಂತರ ಕ್ಲೀನ್ ಮಾಡಿ ತೆಗೆದದ್ದನ್ನು ಎಲ್ಲ ಕಡೆ ಪೆಥಾಲಜಿಗೆ ಕಳಿಸುವುದಿಲ್ಲ. ಈಗ ಸ್ಕ್ಯಾನಿಂಗ್ ಬೇಗನೆ ಆಗುವುದರಿಂದ ಗುಳ್ಳೆಗಳು ದೊಡ್ಡದಾಗುವ ಮೊದಲೇ ಬಸಿರು ನಿಂತಿದೆ ಅಂತ ತೆಗೆದುಬಿಡುತ್ತಾರೆ. ಅದು ಮೋಲ್ ಆಗಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಎರಡನೆಯದು, ಮೋಲ್ ತೆಗೆದ ಮೇಲೆ ಎಚ್‌ಸಿಜಿ ಇಳಿಯುತ್ತಿದೆಯೇ ಅಂತ ನೋಡುವ ವಾರ ವಾರದ ರಕ್ತ ಪರೀಕ್ಷೆ, ಚೀಟಿಯಲ್ಲಿ ಬೀಟಾ ಎಚ್‌ಸಿಜಿ ಅಂತ ಬರೆಯುವುದು ಇದನ್ನೇ. ಹಾವೇರಿಯ ಒಂದು ಹಳ್ಳಿಯಿಂದ ಕೂಲಿ ಬಿಟ್ಟು, ಬಸ್ ಹಿಡಿದು, ಏನೂ ತೊಂದರೆ ಇಲ್ಲದಾಗಲೂ ಬೀಟಾ ಎಚ್‌ಸಿಜಿ ಮಾಡಿಸಲು ಬರುವುದು ಸುಲಭವಲ್ಲ. ಎರಡು ರಿಪೋರ್ಟ್ ಚೆನ್ನಾಗಿ ಬಂದರೆ ಮೂರನೆಯದಕ್ಕೆ ಬರುವುದಿಲ್ಲ. ಕೆಲವು ತಿಂಗಳಾದ ಮೇಲೆ ಕೆಮ್ಮು, ಕಫದಲ್ಲಿ ರಕ್ತ. ಎಕ್ಸ್-ರೇಯಲ್ಲಿ ಕಲೆ ಕಂಡರೆ ನಮ್ಮ ಮನಸ್ಸು ಮೊದಲು ಹೋಗುವುದು ಟಿಬಿ ಕಡೆಗೆ.

ಹೆರಿಗೆಯೋ ಗರ್ಭಪಾತವೋ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ, ಕಾರಣ ತಿಳಿಯದ ಕೆಮ್ಮೋ ಫಿಟ್ಸೋ ಬಂದರೆ, ಮೊದಲು ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ನೋಡುವುದು ಕಡಿಮೆ ಖರ್ಚಿನ ಕೆಲಸ. ಗಡ್ಡೆಗೆ ಸೂಜಿ ಹಾಕಿ ಚೂರು ತೆಗೆಯಲು ಅವಸರಪಡಬಾರದು, ಈ ಗಡ್ಡೆಗಳಿಂದ ರಕ್ತ ವಿಪರೀತ ಹರಿಯುತ್ತದೆ. ಮೋಲ್ ಆದವರಿಗೆ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ ಫಿಗೋದ ಈಗಿನ ಸಲಹೆ ಮೊದಲಿಗಿಂತ ಹಗುರವಾಗಿದೆ. ಎಚ್‌ಸಿಜಿ ಸಹಜಕ್ಕೆ ಬಂದ ಮೇಲೆ ಪೂರ್ತಿ ಮೋಲ್‌ಗೆ ತಿಂಗಳಿಗೊಮ್ಮೆ ಮೂರು ತಿಂಗಳು, ಭಾಗಶಃ ಮೋಲ್‌ಗೆ ಒಂದು ತಿಂಗಳ ನಂತರ ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಅಲ್ಲಿಯವರೆಗೆ ಬಸಿರು ಬೇಡ. ಹೊಸ ಬಸಿರು ನಿಂತರೆ ಎಚ್‌ಸಿಜಿ ಏರುತ್ತದೆ, ಆಗ ಏರಿದ್ದು ಯಾವುದರಿಂದ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಕೀಮೋ ಪಡೆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಕಾಯಲು ಹೇಳುತ್ತಾರೆ. ಮುಂದೆ ಹೆರಿಗೆಯಾದ ಮೇಲೆ ಅವರು ಇನ್ನೊಮ್ಮೆ ಬೀಟಾ ಎಚ್‌ಸಿಜಿ ಮಾಡಿಸಿಕೊಳ್ಳಬೇಕು, ಬಾಣಂತನದ ಆರನೇ ವಾರದ ಸುಮಾರಿಗೆ.