ಪದ ಪರಿಚಯ: ಅಂತಾರಾಷ್ಟ್ರೀಯ ಪಂದ್ಯ ದಾಖಲೆ

28 ಏಪ್ರಿಲ್ 2004: ಸ್ಯಾನ್ ಮರಿನೊ 1, ಲಿಖ್ಟನ್‌ಸ್ಟೈನ್ 0.

5 ಸೆಪ್ಟೆಂಬರ್ 2024: ಸ್ಯಾನ್ ಮರಿನೊ 1, ಲಿಖ್ಟನ್‌ಸ್ಟೈನ್ 0.

ಯುರೋಪಿನ ಎರಡು ಪುಟ್ಟ ದೇಶಗಳ ಫುಟ್ಬಾಲ್ ತಂಡಗಳು. ಅದೇ ಎರಡು ತಂಡ, ಅದೇ ಊರು, ಅದೇ ಸ್ಕೋರು. ನಡುವೆ ಇಪ್ಪತ್ತು ವರ್ಷ. ಈ ಎರಡು ಗೆಲುವಿನ ಮಧ್ಯೆ ಸ್ಯಾನ್ ಮರಿನೊ 140 ಪಂದ್ಯ ಆಡಿತು. ಒಂದನ್ನೂ ಗೆಲ್ಲಲಿಲ್ಲ. ಆದರೂ ಪ್ರತಿಸಲ ಹನ್ನೊಂದು ಜನ ತಿಳಿನೀಲಿ ಅಂಗಿ ತೊಟ್ಟು ಮೈದಾನಕ್ಕೆ ಇಳಿದರು. ಇದೆಲ್ಲ ನಮಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಒಂದು ಪಟ್ಟಿಯಿಂದ. ಆ ಪಟ್ಟಿಗೆ ‘ಅಂತಾರಾಷ್ಟ್ರೀಯ ಪಂದ್ಯ ದಾಖಲೆ’ ಅನ್ನುತ್ತಾರೆ.

ಮೊದಲು ‘ದಾಖಲೆ’ ಅನ್ನೋ ಪದವನ್ನೇ ನೋಡೋಣ. ಕನ್ನಡದಲ್ಲಿ ಇದಕ್ಕೆ ಎರಡು ಮುಖ. ಪತ್ರಿಕೆಯ ಕ್ರೀಡಾ ಪುಟದಲ್ಲಿ ‘ದಾಖಲೆ ಬರೆದರು’, ‘ದಾಖಲೆ ಮುರಿದರು’ ಅಂತ ಓದುತ್ತೇವೆ. ಅಲ್ಲಿ ದಾಖಲೆ ಅಂದರೆ ಹಿಂದೆ ಯಾರೂ ಮಾಡದ ಸಾಧನೆ. ತಾಲೂಕು ಕಚೇರಿಯಲ್ಲಿ ‘ದಾಖಲೆ ತನ್ನಿ’ ಅಂದಾಗ ಅರ್ಥ ಬೇರೆ. ಅಲ್ಲಿ ಅದು ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟ ಕಾಗದ. ಪಂದ್ಯ ದಾಖಲೆ ಈ ಎರಡನೇ ಅರ್ಥಕ್ಕೆ ಸೇರಿದ್ದು. ಜಮೀನಿಗೆ ಪಹಣಿ ಇದ್ದ ಹಾಗೆ, ದೇಶದ ತಂಡಕ್ಕೆ ಇದು. ಯಾವ ದಿನ, ಯಾವ ಊರಲ್ಲಿ, ಯಾರ ಎದುರು, ಯಾವ ಟೂರ್ನಿಗೆ ಆಡಿದರು, ಎಷ್ಟು ಗೋಲು ಹೊಡೆದರು, ಎಷ್ಟು ಬಿಟ್ಟುಕೊಟ್ಟರು – ಒಂದು ಪಂದ್ಯಕ್ಕೆ ಒಂದು ಸಾಲು. ಗೆದ್ದರೂ ಒಂದೇ ಸಾಲು, ಸೋತರೂ ಒಂದೇ ಸಾಲು.

ಬ್ರೆಜಿಲ್, ಜರ್ಮನಿಯಂಥ ತಂಡಗಳ ಪಟ್ಟಿ ಓದುವುದು ಸುಲಭ. ಸಣ್ಣ ದೇಶದ ಪಟ್ಟಿ ಓದಲು ಸ್ವಲ್ಪ ತಾಳ್ಮೆ ಬೇಕು. ಸುಮ್ನೆ ಕಣ್ಣಾಡಿಸಿದರೆ ಸೋಲು, ಸೋಲು, ಸೋಲು ಅಂತಷ್ಟೇ ಕಾಣುತ್ತದೆ. ನಿಧಾನವಾಗಿ ಓದಿದರೆ ಅದರಲ್ಲಿ ಇಡೀ ದೇಶವೇ ಕಾಣುತ್ತದೆ. ಅದಕ್ಕೇ ಸ್ಯಾನ್ ಮರಿನೊ ತಂಡವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಸ್ಯಾನ್ ಮರಿನೊ ಸುತ್ತಲೂ ಇಟಲಿಯಿಂದ ಆವೃತವಾದ ಪುಟ್ಟ ಗಣರಾಜ್ಯ. ಟಿಟಾನೊ ಬೆಟ್ಟದ ಸುತ್ತಮುತ್ತ ಸುಮಾರು 61 ಚದರ ಕಿಲೋಮೀಟರ್ ಜಾಗ. ಬೆಂಗಳೂರು ನಗರ ಇದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ದೊಡ್ಡದು. ಜನಸಂಖ್ಯೆ ಸುಮಾರು 34,000. ನಮ್ಮ ಒಂದು ಚಿಕ್ಕ ತಾಲೂಕು ಕೇಂದ್ರದಲ್ಲಿ ಇಷ್ಟು ಜನ ಇರುತ್ತಾರೆ. ಅಂಥ ಒಂದು ಊರಿನ ಹುಡುಗರನ್ನಷ್ಟೇ ಸೇರಿಸಿ ತಂಡ ಕಟ್ಟಿ, ಇಂಗ್ಲೆಂಡ್ ಮೇಲೆ ಆಡಿಸಿದಂತೆ ಅಂದುಕೊಳ್ಳಿ. ಬಹಳಷ್ಟು ಆಟಗಾರರಿಗೆ ಹಗಲು ಬೇರೆ ಕೆಲಸ ಇರುತ್ತದೆ. ಅಭ್ಯಾಸ ಏನಿದ್ದರೂ ಸಂಜೆ.

ಈಗ ಮೊದಲ ಪ್ರಶ್ನೆ: ಯಾವ ಪಂದ್ಯ ಈ ದಾಖಲೆಗೆ ಸೇರುತ್ತದೆ? ಎರಡು ದೇಶಗಳ ಹೆಸರಲ್ಲಿ ಆಡಿದ್ದೆಲ್ಲವೂ ಸೇರುವುದಿಲ್ಲ. ಎರಡೂ ಕಡೆ ದೇಶದ ಮುಖ್ಯ ತಂಡವೇ ಆಡಿರಬೇಕು. ಇದನ್ನು ‘ಎ’ ದರ್ಜೆಯ ಅಂತಾರಾಷ್ಟ್ರೀಯ ಪಂದ್ಯ ಅನ್ನುತ್ತಾರೆ. 19 ಅಥವಾ 21 ವರ್ಷದೊಳಗಿನವರ ಪಂದ್ಯಗಳು ಬೇರೆ ಲೆಕ್ಕ. 1992ರಿಂದ ಪುರುಷರ ಒಲಿಂಪಿಕ್ ಫುಟ್ಬಾಲ್ ಮುಖ್ಯವಾಗಿ 23 ವರ್ಷದೊಳಗಿನವರದು, ಹಾಗಾಗಿ ಅದೂ ಬರುವುದಿಲ್ಲ. ಸ್ನೇಹಪರ ಪಂದ್ಯದಲ್ಲಿ ಮಿತಿ ಮೀರಿ ಬದಲಿ ಆಟಗಾರರನ್ನು ಇಳಿಸಿದರೆ ಆ ಪಂದ್ಯವೂ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಸ್ಯಾನ್ ಮರಿನೊ ಕಥೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಅಲ್ಲಿನ ಫುಟ್ಬಾಲ್ ಒಕ್ಕೂಟ ಶುರುವಾದದ್ದು 1931ರಲ್ಲಿ. ದೇಶದ ತಂಡ ಮೊದಲ ಸಲ ಮೈದಾನಕ್ಕೆ ಇಳಿದದ್ದು 1986ರಲ್ಲಿ, ಕೆನಡಾದ ಒಲಿಂಪಿಕ್ ತಂಡದ ಎದುರು. 0-1ರಿಂದ ಸೋತರು. ಆದರೆ ಆಗ ಅವರು ಜಾಗತಿಕ ಫುಟ್ಬಾಲ್ ಸಂಸ್ಥೆ ಫಿಫಾದ ಸದಸ್ಯರಲ್ಲ, ಎದುರಾಳಿ ಕೆನಡಾದ ಮುಖ್ಯ ತಂಡವೂ ಅಲ್ಲ. ಹಾಗಾಗಿ ಅದು ಅಧಿಕೃತವಲ್ಲ. 1988ರಲ್ಲಿ ಫಿಫಾ ಮತ್ತು ಯುರೋಪಿನ ಫುಟ್ಬಾಲ್ ಒಕ್ಕೂಟವಾದ ಯುಇಎಫ್‌ಎ ಸದಸ್ಯತ್ವ ಸಿಕ್ಕಿತು. ದಾಖಲೆಯ ಮೊದಲ ಸಾಲು ಅಂದರೆ 14 ನವೆಂಬರ್ 1990, ತಮ್ಮದೇ ದೇಶದ ಸೆರ‍್ರಾವಾಲೆಯಲ್ಲಿ ಸ್ವಿಟ್ಜರ್ಲೆಂಡ್ ಎದುರು 0-4 ಸೋಲು. ಅದು ಯೂರೊ ಕಪ್ ಅರ್ಹತಾ ಪಂದ್ಯ.

ಈ ಮೊದಲ ಸಾಲಿನ ಹಿಂದೆ ಒಬ್ಬ ಮನುಷ್ಯನ ಕಥೆ ಇದೆ. ಮಾಸಿಮೊ ಬೊನಿನಿ ಅಂತ. ಇಟಲಿಯ ಯುವೆಂಟಸ್ ಕ್ಲಬ್ ಪರ ಆಡಿ 1985ರ ಯುರೋಪಿಯನ್ ಕಪ್ ಗೆದ್ದವರು, ಸ್ಯಾನ್ ಮರಿನೊದವರು. ತಮ್ಮ ದೇಶಕ್ಕೆ ಅಧಿಕೃತ ತಂಡವೇ ಇಲ್ಲದಿದ್ದಾಗ ಇಟಲಿಯ 21 ವರ್ಷದೊಳಗಿನವರ ತಂಡಕ್ಕೆ ಆಡಿದ್ದರು. ಅವರ ಒಳ್ಳೆಯ ವರ್ಷಗಳಲ್ಲಿ ಅವರಿಗೆ ಆಡಲು ದೇಶದ ತಂಡ ಇರಲಿಲ್ಲ. 1990ರಲ್ಲಿ ತಂಡ ಬಂತು, ಆಗ ಅವರಿಗೆ ಮೂವತ್ತು ದಾಟಿತ್ತು. ಆದರೂ ಬಂದು ಆಡಿದರು. ದಾಖಲೆ ಶುರುವಾಗಬೇಕಾದರೆ ಮೊದಲು ಸದಸ್ಯತ್ವ ಸಿಗಬೇಕು ಅನ್ನುವುದು ಕಾಗದದ ಮಾತು. ಬೊನಿನಿ ಅವರಿಗೆ ಅದರಿಂದ ಎಷ್ಟು ವರ್ಷ ಕೈತಪ್ಪಿತು ನೋಡಿ.

ಇನ್ನು ಕಾಲಂಗಳು. ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಹೊಡೆದ ಗೋಲು, ಬಿಟ್ಟ ಗೋಲು, ಗೋಲುಗಳ ಅಂತರ. ಇಂಗ್ಲಿಷ್ ಪಟ್ಟಿಗಳಲ್ಲಿ ಇವು ಪಿ, ಡಬ್ಲ್ಯೂ, ಡಿ, ಎಲ್, ಜಿಎಫ್, ಜಿಎ, ಜಿಡಿ ಅಂತ ಇರುತ್ತವೆ. ಜೊತೆಗೆ ತವರಿನಲ್ಲೋ, ಹೊರಗೋ, ಯಾರಿಗೂ ಸೇರದ ಮೂರನೇ ಊರಿನಲ್ಲೋ ಅಂತ ಒಂದು ಗುರುತು.

ಇದರಲ್ಲಿ ಬಹಳ ಜನ ಎಡವುವುದು ‘ಡ್ರಾ’ ಕಾಲಂನಲ್ಲಿ. ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದರೂ ಪಂದ್ಯ ದಾಖಲೆಯಲ್ಲಿ ಅದು ಡ್ರಾ. ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. 2023ರಲ್ಲಿ ನಡೆದ ದಕ್ಷಿಣ ಏಷ್ಯಾದ ಟೂರ್ನಿ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಸೆಮಿಫೈನಲ್‌ನಲ್ಲಿ ಲೆಬನಾನ್ ತಂಡವನ್ನೂ, ಫೈನಲ್‌ನಲ್ಲಿ ಕುವೈತ್ ತಂಡವನ್ನೂ ಶೂಟೌಟ್‌ನಲ್ಲಿ ಸೋಲಿಸಿ ಕಪ್ ಎತ್ತಿತು. ಅವತ್ತು ಗ್ಯಾಲರಿಯಲ್ಲಿ ಕೂಗಿದವರಿಗೆ ಅದು ಗೆಲುವೇ, ಅಲ್ವಾ? ಆದರೆ ದಾಖಲೆಯಲ್ಲಿ ಒಂದು 0-0, ಇನ್ನೊಂದು 1-1. ಗುಂಪಿನ ಹಂತದಲ್ಲಿ ಕುವೈತ್ ಜೊತೆ ಆಡಿದ್ದೂ 1-1. ಅಂದರೆ ಇಡೀ ಟೂರ್ನಿಯಲ್ಲಿ ಎರಡು ಗೆಲುವು, ಮೂರು ಡ್ರಾ, ಮತ್ತು ಕಪ್.

ಸಣ್ಣ ತಂಡಕ್ಕಂತೂ ಡ್ರಾ ಕಾಲಂ ಚಿನ್ನದಂಥದ್ದು. 10 ಮಾರ್ಚ್ 1993, ತವರಿನಲ್ಲಿ ಟರ್ಕಿ ಜೊತೆ 0-0. ಅಧಿಕೃತ ಟೂರ್ನಿಯಲ್ಲಿ ಸ್ಯಾನ್ ಮರಿನೊಗೆ ಸಿಕ್ಕ ಮೊದಲ ಅಂಕ ಅದು. 2001ರಲ್ಲಿ ರೀಗಾದಲ್ಲಿ ಲಾಟ್ವಿಯಾ ಜೊತೆ 1-1, ಹೊರಗಡೆ ಸಿಕ್ಕ ಮೊದಲ ಅಂಕ. ಆಮೇಲೆ 2014ರ ನವೆಂಬರ್ 15. ಅಷ್ಟರೊಳಗೆ ಸತತ 61 ಪಂದ್ಯ ಸೋತಾಗಿತ್ತು. ಅವತ್ತು ಎಸ್ಟೋನಿಯಾ ಬಂದು ಒಂದೂ ಗೋಲು ಹೊಡೆಯಲಾಗದೆ ಹೋಯಿತು. 0-0. ಪಟ್ಟಿಯಲ್ಲಿ ಎರಡು ಸೊನ್ನೆ. ನನ್ನ ಪ್ರಕಾರ ಆ ಇಡೀ ದಾಖಲೆಯಲ್ಲಿ ಅತಿ ಹೆಚ್ಚು ಬೆವರು ಸುರಿದ ಸಾಲು ಅದು.

‘ಹೊಡೆದ ಗೋಲು’ ಕಾಲಂ ಕೂಡ ಹಾಗೇ. 17 ನವೆಂಬರ್ 1993ರ ಸಾಲು ಹೀಗಿದೆ: ಸ್ಯಾನ್ ಮರಿನೊ 1, ಇಂಗ್ಲೆಂಡ್ 7. ಸ್ಥಳ ಇಟಲಿಯ ಬೊಲೊನ್ಯ, ವಿಶ್ವಕಪ್ ಅರ್ಹತಾ ಪಂದ್ಯ. ದೊಡ್ಡ ಸೋಲು ಅಂತ ಮುಂದೆ ಹೋಗಿಬಿಡಬಹುದು. ಆ ‘1’ ಮೇಲೆ ಬೆರಳಿಟ್ಟು ನಿಲ್ಲಿ. ಇಂಗ್ಲೆಂಡ್ ವಿಶ್ವಕಪ್‌ಗೆ ಹೋಗಬೇಕಾದರೆ ಅವತ್ತು ಭಾರಿ ಅಂತರದಿಂದ ಗೆಲ್ಲಬೇಕಿತ್ತು. ಆಟ ಶುರುವಾಯಿತು. ಇಂಗ್ಲೆಂಡ್‌ನ ಸ್ಟುವರ್ಟ್ ಪಿಯರ್ಸ್ ತಮ್ಮ ಗೋಲ್‌ಕೀಪರ್ ಕಡೆ ಚೆಂಡು ತಳ್ಳಿದರು, ಅದಕ್ಕೆ ಜೋರು ಸಾಲಲಿಲ್ಲ. ಸ್ಯಾನ್ ಮರಿನೊದ ದಾವಿದೆ ಗ್ವಾಲ್ತಿಯೆರಿ ನುಗ್ಗಿ ಗೋಲು ಹೊಡೆದರು. ಗಡಿಯಾರದಲ್ಲಿ 8.3 ಸೆಕೆಂಡ್. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಅಷ್ಟು ಬೇಗ ಯಾರೂ ಗೋಲು ಹೊಡೆದಿರಲಿಲ್ಲ. 2016ರಲ್ಲಿ ಬೆಲ್ಜಿಯಂನ ಕ್ರಿಸ್ಟಿಯನ್ ಬೆಂಟೆಕೆ ಜಿಬ್ರಾಲ್ಟರ್ ಎದುರು ಅದನ್ನು ಮುರಿದರು. ಇಪ್ಪತ್ತೆರಡು ವರ್ಷಕ್ಕೂ ಜಾಸ್ತಿ ಆ ಹೆಗ್ಗಳಿಕೆ ಸ್ಯಾನ್ ಮರಿನೊದ ಹತ್ತಿರ ಇತ್ತು. ಇಲ್ಲಿ ನೋಡಿ, ‘ದಾಖಲೆ’ ಪದದ ಎರಡು ಅರ್ಥಗಳೂ ಒಂದೇ ಸಾಲಿನಲ್ಲಿ ಸೇರಿವೆ.

‘ಬಿಟ್ಟ ಗೋಲು’ ಕಾಲಂ ಬಗ್ಗೆ ಹೇಳದೆ ಇರಲಾಗದು. 6 ಸೆಪ್ಟೆಂಬರ್ 2006ರಂದು ಜರ್ಮನಿ ಸೆರ‍್ರಾವಾಲೆಗೆ ಬಂದು 13-0 ಗೆದ್ದಿತು. ಎರಡು ತಿಂಗಳ ಹಿಂದಷ್ಟೇ ಜರ್ಮನಿ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದಿತ್ತು. ಸ್ಯಾನ್ ಮರಿನೊದ ಅತಿ ದೊಡ್ಡ ಸೋಲು ಅದೇ. ಇದನ್ನು ಹಿಡಿದುಕೊಂಡು ‘ಜಗತ್ತಿನ ಅತಿ ಕೆಟ್ಟ ತಂಡ’ ಅಂತ ಬರೆಯುವವರು ಬಹಳ. ನನಗೆ ಆ ಮಾತು ಸರಿಯಲ್ಲ ಅನಿಸುತ್ತದೆ. ಯುರೋಪಿನ ಅರ್ಹತಾ ಪಂದ್ಯಗಳಲ್ಲಿ ಸಣ್ಣ ತಂಡಗಳು ದೊಡ್ಡವರ ಎದುರೇ ಆಡಬೇಕು. ಏಷ್ಯಾದಂಥ ಖಂಡಗಳಲ್ಲಿ ಕೆಳಗಿನ ತಂಡಗಳಿಗೆ ಮೊದಲ ಸುತ್ತೊಂದು ಇರುತ್ತದೆ, ಅಲ್ಲಿ ಅವರವರ ಮಟ್ಟದವರು ಸಿಗುತ್ತಾರೆ. ಭೂತಾನ್ 2015ರಲ್ಲಿ ಅಂಥ ಸುತ್ತಿನಲ್ಲೇ ಶ್ರೀಲಂಕಾವನ್ನು ಎರಡು ಸಲ ಸೋಲಿಸಿ ಮುಂದೆ ಹೋದದ್ದು. ಸ್ಯಾನ್ ಮರಿನೊಗೆ ಅಂಥ ಅವಕಾಶ ಸಿಕ್ಕಿದ್ದು 2018ರಲ್ಲಿ, ತಂಡಗಳನ್ನು ಮಟ್ಟದ ಪ್ರಕಾರ ಎ, ಬಿ, ಸಿ, ಡಿ ಲೀಗ್‌ಗಳಾಗಿ ವಿಂಗಡಿಸಿ ಆಡಿಸುವ ಯುಇಎಫ್‌ಎ ನೇಷನ್ಸ್ ಲೀಗ್ ಶುರುವಾದ ಮೇಲೆ. ಎದುರಾಳಿ ಯಾರು ಅಂತ ನೋಡದೆ ಸೋಲಿನ ಕಾಲಂ ಓದಬಾರದು.

ದಾಖಲೆಯನ್ನು ಫಿಫಾ ರ್‍ಯಾಂಕಿಂಗ್ ಜೊತೆ ಬೆರೆಸುವುದೂ ಉಂಟು. ಎರಡೂ ಬೇರೆ. ದಾಖಲೆ ಎಲ್ಲವನ್ನೂ ಹಾಗೇ ಇಟ್ಟುಕೊಳ್ಳುತ್ತದೆ. ರ್‍ಯಾಂಕಿಂಗ್ ಆ ದಾಖಲೆಯಿಂದ ಒಂದು ಅಂಕ ತೆಗೆಯುತ್ತದೆ. 2018ರಿಂದ ಫಿಫಾ ಬಳಸುವ ಲೆಕ್ಕದಲ್ಲಿ ಪ್ರತಿ ಪಂದ್ಯಕ್ಕೆ ಮೊದಲೇ ಒಂದು ನಿರೀಕ್ಷೆ ಇರುತ್ತದೆ. ಬಂದ ಫಲಿತಾಂಶ ನಿರೀಕ್ಷೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದರ ಮೇಲೆ ಅಂಕ ಏರಿಳಿಯುತ್ತದೆ. ಪಂದ್ಯದ ತೂಕಕ್ಕೂ ಬೆಲೆ ಇದೆ. ವಿಶ್ವಕಪ್ ಅರ್ಹತಾ ಪಂದ್ಯಕ್ಕೆ 25, ನೇಷನ್ಸ್ ಲೀಗ್ ಗುಂಪಿನ ಪಂದ್ಯಕ್ಕೆ 15, ಸ್ನೇಹಪರ ಪಂದ್ಯಕ್ಕೆ 10 ಅಥವಾ 5.

ಒಂದು ಲೆಕ್ಕ ಮಾಡಿ ನೋಡೋಣ. ತಮಗಿಂತ 1000 ಅಂಕ ಮೇಲಿರುವ ತಂಡದ ಎದುರು ವಿಶ್ವಕಪ್ ಅರ್ಹತಾ ಪಂದ್ಯ ಸೋತರೆ ಸಣ್ಣ ತಂಡ ಕಳೆದುಕೊಳ್ಳುವುದು ಸುಮಾರು ಅರ್ಧ ಅಂಕ ಮಾತ್ರ. 0-1 ಸೋತರೂ ಅಷ್ಟೇ, 0-13 ಸೋತರೂ ಅಷ್ಟೇ, ಯಾಕೆಂದರೆ ಈ ಲೆಕ್ಕದಲ್ಲಿ ಗೋಲಿನ ಅಂತರಕ್ಕೆ ಜಾಗ ಇಲ್ಲ. ಅದೇ ಪಂದ್ಯ ಡ್ರಾ ಆದರೆ ಸುಮಾರು 12 ಅಂಕ ಬರುತ್ತದೆ. ಎಸ್ಟೋನಿಯಾ ಎದುರಿನಂಥ 0-0ಗೆ ಎಷ್ಟು ಬೆಲೆ ಅಂತ ಈ ಅಂಕಿಯಲ್ಲೇ ಗೊತ್ತಾಗುತ್ತದೆ. ಅಂದಹಾಗೆ, ಶೂಟೌಟ್ ಗೆದ್ದವರಿಗೆ ಈ ಲೆಕ್ಕದಲ್ಲಿ ಪೂರ್ತಿ ಗೆಲುವಿನ ಮುಕ್ಕಾಲು ಭಾಗ ಸಿಗುತ್ತದೆ. ದಾಖಲೆಯಲ್ಲಿ ಡ್ರಾ, ರ್‍ಯಾಂಕಿಂಗ್‌ನಲ್ಲಿ ಮುಕ್ಕಾಲು ಗೆಲುವು.

ತಂಡಕ್ಕೆ ಪಂದ್ಯ ಹೇಗೋ, ಆಟಗಾರನಿಗೆ ‘ಕ್ಯಾಪ್’ ಹಾಗೆ. ದೇಶಕ್ಕೆ ಒಂದು ಪಂದ್ಯ ಆಡಿದರೆ ಒಂದು ಕ್ಯಾಪ್. ಇಂಗ್ಲೆಂಡ್‌ನಲ್ಲಿ 1886ರಿಂದ ನಿಜವಾದ ಟೋಪಿಯನ್ನೇ ಕೊಡುತ್ತಿದ್ದರು, ಆ ಹೆಸರು ಉಳಿದುಕೊಂಡಿತು. ಸ್ಯಾನ್ ಮರಿನೊ ಪರ ಅತಿ ಹೆಚ್ಚು ಗೋಲು ಹೊಡೆದವರು ಆಂಡಿ ಸೆಲ್ವಾ. ಎಷ್ಟು ಗೊತ್ತಾ? 8. ಒಂದೂವರೆ ದಶಕಕ್ಕೂ ಹೆಚ್ಚು ಕಾಲ ದೇಶಕ್ಕೆ ಆಡಿ 8 ಗೋಲು. 2004ರ ಆ ಮೊದಲ ಗೆಲುವಿನ ಗೋಲು ಕೂಡ ಅವರದೇ, ಪಂದ್ಯದ ಐದನೇ ನಿಮಿಷದಲ್ಲಿ. ಉಳಿದ 85 ನಿಮಿಷ ಆ ಒಂದು ಗೋಲನ್ನು ಕಾಪಾಡಿಕೊಂಡರು.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಆ 2004ರ ಗೆಲುವು ಸ್ನೇಹಪರ ಪಂದ್ಯದ್ದು. ದಾಖಲೆಯಲ್ಲಿ ಗೆಲುವು ಗೆಲುವೇ. ಆದರೆ ‘ಟೂರ್ನಿ ಪಂದ್ಯಗಳು’ ಅಂತ ಬೇರೆ ಮಾಡಿ ನೋಡಿದರೆ 2024ರ ಸೆಪ್ಟೆಂಬರ್‌ವರೆಗೂ ಗೆಲುವಿನ ಕಾಲಂನಲ್ಲಿ ಸೊನ್ನೆ. ಒಂದೇ ಪಟ್ಟಿಯನ್ನು ಹೇಗೆ ವಿಂಗಡಿಸುತ್ತೀರಿ ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ. ಆ ಸೊನ್ನೆಯನ್ನು ಅಳಿಸಿದ್ದು ನಿಕೊ ಸೆನ್ಸೋಲಿ, ಆಗ ಅವರಿಗೆ 19 ವರ್ಷ. 2004ರ ಗೆಲುವಿನ ಹೊತ್ತಿಗೆ ಅವರು ಹುಟ್ಟಿಯೇ ಇರಲಿಲ್ಲ. ಅವರ ಇಡೀ ಬಾಲ್ಯದಲ್ಲಿ ಅವರ ದೇಶ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆ ದೇಶದ ಹುಡುಗ ಆದರೂ ಫುಟ್ಬಾಲ್ ಆಟಗಾರನೇ ಆದ.

2024ರ ಆ ಗೆಲುವು ನೇಷನ್ಸ್ ಲೀಗ್‌ನದು. ಆ ಗುಂಪಿನಲ್ಲಿ ಇದ್ದದ್ದು ಮೂರೇ ತಂಡ. ಜಿಬ್ರಾಲ್ಟರ್ ಎದುರು ಹೊರಗೆ 0-1 ಸೋಲು, ತವರಿನಲ್ಲಿ 1-1 ಡ್ರಾ. ಕೊನೆಯ ಪಂದ್ಯ 18 ನವೆಂಬರ್ 2024ರಂದು ಲಿಖ್ಟನ್‌ಸ್ಟೈನ್ ರಾಜಧಾನಿ ವಾಡುಜ್‌ನಲ್ಲಿ, ಮತ್ತೆ ಅವರ ಎದುರು. ಗುಂಪಿನಲ್ಲಿ ಮೊದಲು ಬರಬೇಕಾದರೆ ಗೆಲ್ಲಲೇಬೇಕಿತ್ತು. ಮೊದಲ ಅವಧಿಯಲ್ಲೇ ಒಂದು ಗೋಲು ಬಿಟ್ಟುಕೊಟ್ಟರು. ಎರಡನೇ ಅವಧಿ ಶುರುವಾಗುತ್ತಿದ್ದಂತೆ ಲೊರೆಂಜೊ ಲಜ್ಜಾರಿ ಸಮ ಮಾಡಿದರು. ನಿಕೊಲಾ ನನ್ನಿ ಪೆನಾಲ್ಟಿ ಹೊಡೆದು ಮುಂದೆ ತಂದರು. ಅಲೆಸ್ಸಾಂಡ್ರೊ ಗೊಲಿನುಚ್ಚಿ ಮೂರನೆಯದನ್ನು ಸೇರಿಸಿದರು. 3-1. ಒಂದು ಪಂದ್ಯದಲ್ಲಿ ಮೂರು ಗೋಲು ಅವರು ಹಿಂದೆಂದೂ ಹೊಡೆದಿರಲಿಲ್ಲ. ನಾಲ್ಕು ಪಂದ್ಯಗಳಿಂದ 7 ಅಂಕ, ಗುಂಪಿನಲ್ಲಿ ಮೊದಲ ಸ್ಥಾನ, ಕೆಳಗಿನ ಡಿ ಲೀಗ್‌ನಿಂದ ಸಿ ಲೀಗ್‌ಗೆ ಬಡ್ತಿ. ಫಿಫಾ ರ್‍ಯಾಂಕಿಂಗ್‌ನಲ್ಲಿ ಮಾತ್ರ ಕೊನೆಯ ಸ್ಥಾನದಿಂದ ಮೇಲೆ ಬರಲಿಲ್ಲ. ನೇಷನ್ಸ್ ಲೀಗ್ ಪಂದ್ಯದ ತೂಕ 15 ಅಂತ ಮೇಲೆ ಹೇಳಿದೆನಲ್ಲ, ಸರಿಸಮದ ತಂಡದ ಎದುರು ಗೆದ್ದರೆ ಅದರಲ್ಲಿ ಸಿಗುವುದು ಅರ್ಧ.

ಇನ್ನು ಆ ರಾತ್ರಿಯ ಸಾಲು ದಾಖಲೆಯಲ್ಲಿ ಹೇಗಿದೆ ನೋಡಿ. ದಿನಾಂಕ, ಊರು, ಎದುರಾಳಿ, 3-1. ಪಕ್ಕದಲ್ಲಿ ‘ಹೊರಗೆ’ ಅನ್ನೋ ಗುರುತು. ಹೊರಗಿನ ಗೆಲುವುಗಳ ಲೆಕ್ಕದಲ್ಲಿ 1990ರಿಂದ ಇದ್ದದ್ದು ಸೊನ್ನೆ. ಈಗ ಅಲ್ಲಿ 1 ಇದೆ.