ಬುಲ್ಲಿಯಿಂಗ್: ಸುಮ್ನೆ ನಿಂತು ನೋಡುವವರ ಕಡೆ ಗಮನ ಹೋಗಿದ್ದು ಹೇಗೆ?

"ಮಕ್ಕಳಂದ್ಮೇಲೆ ಕೀಟಲೆ ಇದ್ದದ್ದೇ, ಇಷ್ಟಕ್ಕೆಲ್ಲ ಅಳ್ತಾರಾ?" ಶಾಲೆಯಿಂದ ಸಪ್ಪೆ ಮುಖ ಹೊತ್ತು ಬಂದ ಮಗುವಿಗೆ ಎಷ್ಟೋ ಮನೆಗಳಲ್ಲಿ ಸಿಗುವ ಉತ್ತರ ಇದು. ಮಕ್ಕಳು ಮಕ್ಕಳಿಗೇ ಕೊಡುವ ಈ ಕಾಟವನ್ನು, ಅಂದರೆ ಬುಲ್ಲಿಯಿಂಗನ್ನು, ಒಂದು ಕಾಲಕ್ಕೆ ಯುರೋಪಿನವರೂ ಹೀಗೇ ತಳ್ಳಿಹಾಕುತ್ತಿದ್ದರು. ಅಲ್ಲಿ ಯೋಚನೆ ಬದಲಾಗಲು ಶುರುವಾಗಿದ್ದು ಸ್ವೀಡನ್ನಿನಿಂದ.

1969ರಲ್ಲಿ ಪೀಟರ್ ಪಾಲ್ ಹೈನೆಮನ್ ಎಂಬ ವೈದ್ಯರು ಅಲ್ಲಿನ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ಅವರ ದತ್ತುಮಗ ಕಪ್ಪುಬಣ್ಣದವನು. ಬೇರೆ ಮಕ್ಕಳು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದುದೇ ಅದನ್ನು ಬರೆಸಿತು. ಇದು ಒಬ್ಬ ಪುಂಡನ ಕೆಲಸವಲ್ಲ, ಇಡೀ ಗುಂಪಿನ ಕೆಲಸ ಎಂದರು ಅವರು.

ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಶಾಲೆಗಳಲ್ಲೇ ಅಧ್ಯಯನ ಮಾಡಿ 1973ರಲ್ಲಿ ಪುಸ್ತಕ ತಂದರು. ಬಹಳ ಸಲ ಕಾಟ ಶುರು ಮಾಡುವವರು ಒಬ್ಬಿಬ್ಬರೇ ಎಂದು ತೋರಿಸಿದರು. ದಪ್ಪಗಿರುವ, ಕನ್ನಡಕ ಹಾಕುವ, ಕೆಂಪು ಕೂದಲಿನ ಮಕ್ಕಳೇ ಬಲಿಯಾಗುತ್ತಾರೆ ಎಂಬ ನಂಬಿಕೆಯೂ ಅವರ ಲೆಕ್ಕದ ಮುಂದೆ ನಿಲ್ಲಲಿಲ್ಲ. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ನಿಲ್ಲಲಾಗದವರ ಮೇಲೆ ಮಾಡುವುದು: ಈ ಮೂರೂ ಸೇರಿದರೆ ಬುಲ್ಲಿಯಿಂಗ್ ಎಂದರು. ಇಂದಿಗೂ ಹೆಚ್ಚಿನವರು ಬಳಸುವುದು ಇದೇ ಅಳತೆಗೋಲು.

ಪಕ್ಕದ ನಾರ್ವೆಯಲ್ಲಿ ಸರ್ಕಾರ ಎಚ್ಚೆತ್ತಿದ್ದು ಮಾತ್ರ ಸಾವುಗಳ ನಂತರ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ತಾವಾಗಿಯೇ ಜೀವ ಕಳೆದುಕೊಂಡರು. ಜೊತೆಯವರ ಕಾಟವೇ ಕಾರಣವಿರಬೇಕು ಎಂಬ ಸುದ್ದಿ ದೇಶವನ್ನೇ ಅಲುಗಾಡಿಸಿತು. 1983ರಲ್ಲಿ ದೇಶದ ತುಂಬ ಅಭಿಯಾನ ನಡೆಯಿತು. ಶಿಕ್ಷಕರಿಗೆ ಕಿರುಪುಸ್ತಕ, ಪೋಷಕರಿಗೆ ಕರಪತ್ರ, ಮಕ್ಕಳಿಗೆ ಹೆಸರು ಬರೆಯಬೇಕಿಲ್ಲದ ಪ್ರಶ್ನೆಪತ್ರಿಕೆ. ಬರ್ಗೆನ್ ನಗರದ 42 ಶಾಲೆಗಳಲ್ಲಿ ಸುಮಾರು 2,500 ಮಕ್ಕಳನ್ನು ಓಲ್ವೇಯಸ್ ಗಮನಿಸಿದರು. ಎರಡು ವರ್ಷದಲ್ಲಿ ಕಾಟ ಅರ್ಧದಷ್ಟು ಇಳಿದಿತ್ತು.

ನನಗೆ ಬಹಳ ಮುಖ್ಯವೆನಿಸುವ ತಿರುವು ಬಂದಿದ್ದು ಇದಾದ ಮೇಲೆ. 1996ರಲ್ಲಿ ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ಸುತ್ತ ನಿಂತ ಉಳಿದ ಮಕ್ಕಳ ಕಡೆ ತಿರುಗಿದರು. ಒಬ್ಬ ಕೈಜೋಡಿಸುತ್ತಾನೆ, ಒಬ್ಬಳು ನಕ್ಕು ಹುರಿದುಂಬಿಸುತ್ತಾಳೆ, ಕೆಲವರು ನಮಗ್ಯಾಕೆ ಎಂದು ಸರಿಯುತ್ತಾರೆ, ಕೆಲವರು ಕಾಟ ತಿಂದವರ ಪರ ನಿಲ್ಲುತ್ತಾರೆ. ಹೈನೆಮನ್ ಹೇಳಿದ್ದ ಗುಂಪು ಮತ್ತೆ ಮುಂದೆ ಬಂತು, ಆದರೆ ಈ ಸಲ ಒಬ್ಬೊಬ್ಬರ ಪಾತ್ರವೂ ಬಿಡಿಯಾಗಿ ಕಾಣಿಸಿತು. ಕೆನಡಾದ ಸಂಶೋಧಕರು ಆಟದ ಮೈದಾನಗಳಲ್ಲಿ ವಿಡಿಯೋ ಮಾಡಿ ನೋಡಿದಾಗ, ಜೊತೆಯ ಮಗು ಅಡ್ಡ ಬಂದ ಅರ್ಧಕ್ಕೂ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಹತ್ತೇ ಸೆಕೆಂಡು!

ಶಾಲೆಗಳಲ್ಲಿ ಕಾಟ ತಡೆಯುವ ಫಿನ್ಲೆಂಡಿನ 'ಕಿವಾ' ಕಾರ್ಯಕ್ರಮ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಅಲ್ಲಿ ಕಾಟ ಕೊಟ್ಟವರನ್ನು ಕರೆದು ಮಾತಾಡಿ ಕೈತೊಳೆದುಕೊಳ್ಳುವುದಿಲ್ಲ. ತರಗತಿಯಲ್ಲಿ ಎಲ್ಲರೂ ಇಷ್ಟಪಡುವ ಕೆಲವು ಮಕ್ಕಳನ್ನು ಶಿಕ್ಷಕರು ಬೇರೆಯಾಗಿ ಕರೆದು, ನೊಂದ ಮಗುವಿನ ಜೊತೆಗಿರಿ ಎನ್ನುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಗಾಯ ಶಾಲೆ ಬಿಟ್ಟ ಕೂಡಲೇ ಮಾಯುವುದಿಲ್ಲ. 1958ರ ಒಂದೇ ವಾರದಲ್ಲಿ ಹುಟ್ಟಿದ ಬ್ರಿಟಿಷ್ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಅವರಲ್ಲಿ 7,771 ಮಂದಿಯ ಲೆಕ್ಕ 2014ರಲ್ಲಿ ಹೊರಬಂತು. ಚಿಕ್ಕಂದಿನಲ್ಲಿ ಪದೇ ಪದೇ ಕಾಟ ತಿಂದವರಲ್ಲಿ 45ರ ವಯಸ್ಸಿನಲ್ಲೂ ಖಿನ್ನತೆ, ಆತಂಕ ಜಾಸ್ತಿ ಇತ್ತು.

ನಮ್ಮಲ್ಲಿ ನಿಯಮಗಳು ಮೊದಲು ನೋಡಿದ್ದು ಕಾಲೇಜಿನ ರ್‍ಯಾಗಿಂಗ್ ಕಡೆಗೆ. ಯುಜಿಸಿಯ ಕಟ್ಟುನಿಟ್ಟಿನ ನಿಯಮ 2009ರದು. ಬುಲ್ಲಿಯಿಂಗ್ ತಡೆಯಲು ಶಾಲೆಗಳು ಸಮಿತಿ ಮಾಡಬೇಕೆಂದು ಸಿಬಿಎಸ್‌ಇ ಹೇಳಿದ್ದು 2015ರಲ್ಲಿ. ಸಮಿತಿ ಇರಲಿ, ಬೇಕು. ಆದರೆ ಸಮಿತಿ ಸೇರುವ ಹೊತ್ತಿಗೆ ಆ ಮಗು ಎಷ್ಟೋ ದಿನ ಒಬ್ಬಂಟಿಯಾಗಿ ಊಟದ ಡಬ್ಬಿ ಬಿಚ್ಚಿರುತ್ತದೆ. ಪಕ್ಕದ ಬೆಂಚಿನವರಿಗೆ ಇದು ಮೊದಲೇ ಗೊತ್ತಿರುತ್ತದೆ, ಅಲ್ವಾ? ಅದನ್ನು ದೊಡ್ಡವರಿಗೆ ಹೇಳಿದರೆ 'ಚಾಡಿ' ಎಂದು ನಾವೇ ಅವರ ಬಾಯಿ ಮುಚ್ಚಿಸುತ್ತೇವೆ. ಇದು ನಿಲ್ಲಬೇಕು.

ಮಗು ಊಟ, ನಿದ್ದೆ ಬಿಟ್ಟಿದ್ದರೆ, ಶಾಲೆ ಎಂದರೆ ಹೊಟ್ಟೆನೋವು ಬರುತ್ತಿದ್ದರೆ ಕಾಯಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು. ಮಕ್ಕಳು ತಾವೇ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.